ಆಚಾರ್ಯ ಡೊನಾಲ್ಡರ ಧ್ವನಿಪರೀಕ್ಷಾಲೇಖನ

ಶಾಸ್ತ್ರಲೇಖನಗಳನ್ನು ಸಾಹಿತ್ಯದ ತಕ್ಕಡಿಯಲ್ಲಿಟ್ಟು ತೂಗುವ ವಾಡಿಕೆ ಕನ್ನಡದಲ್ಲಿ ವಿರಳ. ಕಾವ್ಯನಾಟಕಗಳಿಗೆ ಮೀಸಲಾದ ಔಚಿತ್ಯವಿಚಾರವು ವೈದ್ಯರ ಬರವಣಿಗೆಗೆ ಸಲ್ಲದೆಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ತಿಳಿದಷ್ಟನ್ನೇ ಹೇಳುವುದು, ಕಂಡುದಕ್ಕೂ ಊಹಿಸಿದುದಕ್ಕೂ ನಡುವೆ ಗೆರೆಯೆಳೆಯುವುದು ಉತ್ತಮ ಗದ್ಯದ ಲಕ್ಷಣಗಳೆಂದು ಒಪ್ಪುವವರಿಗೆ, ‘ಲ್ಯಾನ್ಸೆಟ್’ ಎಂಬ ಆಂಗ್ಲ ವೈದ್ಯಪತ್ರಿಕೆಯಲ್ಲಿ 1958ನೆಯ ಇಸವಿ ಜೂನ್ 7ರಂದು ಪ್ರಕಟವಾದ ಒಂದು ಲೇಖನವು ವಿಮರ್ಶೆಗೆ ಯೋಗ್ಯವಾದ ಕೃತಿಯಾಗಿ ಕಾಣುವುದು. ಕಿವಿಗೆ ಕೇಳಿಸದ ಧ್ವನಿಯನ್ನು ಬಿಟ್ಟುಬಿಟ್ಟು ಕಳುಹಿಸಿ ಉದರದ ಗಡ್ಡೆಗಳನ್ನು ಶೋಧಿಸುವುದು ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಬರೆದವರು ಮೂವರು: ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇಯಾನ್ ಡೊನಾಲ್ಡರು, ಅವರ ಜೊತೆಯ ವೈದ್ಯರಾದ ಜಾನ್ ಮ್ಯಾಕ್‌ವಿಕರರು, ಎಂಜಿನಿಯರ್ ಟಾಮ್ ಬ್ರೌನರು. ಇಂದು ಊರೂರಿನ ಬಸುರಿಯರು ‘ಸ್ಕ್ಯಾನಿಂಗ್’ ಎಂದು ಕರೆಯುವ ಪರೀಕ್ಷೆಯ ಮೂಲಪಾಠಗಳಲ್ಲಿ ಇದು ಮುಖ್ಯವಾದುದು. ಗರ್ಭಸ್ಥ ಶಿಶುವಿನ ಧ್ವನಿಚಿತ್ರವು ಇದರಲ್ಲಿ ಅಚ್ಚಾಗಿದೆ.

ಡೊನಾಲ್ಡರು 1910ರಲ್ಲಿ ಕಾರ್ನ್‌ವಾಲ್ ಪ್ರಾಂತದಲ್ಲಿ ಜನಿಸಿ, ದಕ್ಷಿಣ ಆಫ್ರಿಕದಲ್ಲಿ ಭಾಷೆ, ಸಾಹಿತ್ಯ, ಸಂಗೀತಗಳನ್ನು ಅಭ್ಯಾಸಮಾಡಿ, ಅನಂತರ ಲಂಡನ್ನಿನಲ್ಲಿ ವೈದ್ಯಪದವಿಯನ್ನು ಪಡೆದವರು. ಎರಡನೆಯ ಮಹಾಯುದ್ಧದಲ್ಲಿ ವಾಯುದಳದ ವೈದ್ಯರಾಗಿದ್ದಾಗ ಶಬ್ದತರಂಗ, ರೇಡಿಯೋತರಂಗಗಳಿಂದ ದೂರದ ವಸ್ತುವನ್ನು ಪತ್ತೆಹಚ್ಚುವ ಯಂತ್ರಗಳ ಪರಿಚಯ ಅವರಿಗಾಯಿತು. 1954ರಲ್ಲಿ ಗ್ಲಾಸ್ಗೊ ಪೀಠವನ್ನೇರಿದರು. ಹಡಗುಕಟ್ಟುವ, ಉಗಿಪಾತ್ರೆ ಬೆಸೆಯುವ ಆ ನಗರದ ಕಾರ್ಖಾನೆಗಳಲ್ಲಿ, ಉಕ್ಕಿನ ಬೆಸುಗೆಯೊಳಗಿನ ಬಿರುಕನ್ನು ಶ್ರವಣಾತೀತ ಧ್ವನಿಯಿಂದ ಕಂಡುಹಿಡಿಯುವ ಉಪಕರಣವಿದ್ದಿತು. 1955ರ ಜುಲೈ 21ರಂದು ಪ್ರಾಧ್ಯಾಪಕರು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಎರಡು ಮೋಟಾರುಗಳಲ್ಲಿ ತುಂಬಿಕೊಂಡು ರೆನ್‌ಫ್ರೂ ಎಂಬಲ್ಲಿಯ ಅಂತಹ ಒಂದು ಕಾರ್ಖಾನೆಗೆ ಹೋದರು. ಹೋಲಿಕೆಗೆಂದು ಕಾರ್ಖಾನೆಯವರು ಒಂದು ದೊಡ್ಡ ಮಾಂಸಖಂಡವನ್ನು ಒದಗಿಸಿದ್ದರು. ದ್ರವ ತುಂಬಿದ ಗಡ್ಡೆಯೂ ಗಟ್ಟಿಗಡ್ಡೆಯೂ ಬೇರೆಬೇರೆ ಬಗೆಯ ಮಾರ್ದನಿಯನ್ನು ಕೊಟ್ಟುವು. ಮರುವರ್ಷ, ಇನ್ನೂ ಮೂವತ್ತು ತುಂಬದ ತರುಣ ಬ್ರೌನರು ಈ ಪ್ರಯತ್ನದ ಸುದ್ದಿ ಕೇಳಿ, ದೂರವಾಣಿಯ ಪುಸ್ತಕದಲ್ಲಿ ಪ್ರಾಧ್ಯಾಪಕರ ಹೆಸರನ್ನು ಹುಡುಕಿ ತಾವಾಗಿಯೇ ಅವರೊಡನೆ ಮಾತನಾಡಿದರು. ಉಪಕರಣವು ಚಿತ್ರ ಬರೆಯುವಂತಾದುದು ಅವರ ಕೈಗುಣದಿಂದ.

ಲೇಖನದ ತರ್ಕವನ್ನು ಹಿಡಿಯಬೇಕಾದರೆ ಯಂತ್ರದ ಧರ್ಮವನ್ನು ಅಷ್ಟಿಷ್ಟಾದರೂ ಅರಿತಿರಬೇಕು. ಸೆಕೆಂಡಿಗೆ ಸುಮಾರು 20,000ಕ್ಕಿಂತ ಹೆಚ್ಚಾಗಿ ಕಂಪಿಸುವ ಧ್ವನಿ ಮನುಷ್ಯನ ಕಿವಿಗೆ ನಿಲುಕದು; ಗ್ಲಾಸ್ಗೊದಲ್ಲಿ ಬಳಸಿದುದು ಹತ್ತಾರು ಲಕ್ಷ ಕಂಪನಗಳ ಧ್ವನಿ. ಒಂದು ವಸ್ತು ಮುಗಿದು ಇನ್ನೊಂದು ಆರಂಭವಾಗುವ ಅಂಚಿನಲ್ಲಿ ಧ್ವನಿಯ ಒಂದಂಶ ಹಿಂದಿರುಗುವುದು. ಹಿಂದಿರುಗಲು ಹಿಡಿದ ಕಾಲದಿಂದ ಅಂಚಿನ ಆಳವನ್ನು ಲೆಕ್ಕಹಾಕಬಹುದು. ತಿಳಿದ್ರವದ ನಡುವೆ ಅಂಚುಗಳಿಲ್ಲವಾದ್ದರಿಂದ ಅಲ್ಲಿ ಮೌನ. ಗಟ್ಟಿಮಾಂಸದಲ್ಲಿ ಮಾರ್ದನಿಗಳ ಸಂದಣಿ. ನಡುವೆ ಗಾಳಿ ಸಿಕ್ಕಿದರೆ ಧ್ವನಿ ಮುಂದುವರಿಯದು. ಆದುದರಿಂದ ರೋಗಿಯ ಚರ್ಮಕ್ಕೆ ಆಲಿವ್ ಎಣ್ಣೆಯನ್ನು ಸವರಿ ಶೋಧಕವನ್ನು ಒತ್ತಿ ಸರಿಸುತ್ತಿದ್ದರು.

ಇದು ನೈಯಾಯಿಕರ ಅನುಮಾನಕ್ಕೆ ಬಹು ಸಮೀಪದ ವಿದ್ಯೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಮಾರ್ದನಿಯನ್ನು ಕಂಡು ಗಡ್ಡೆಯನ್ನು ಊಹಿಸಬೇಕು. ಅನುಮಾನಕ್ಕೆ ಹೇತ್ವಾಭಾಸದ ಭಯ ತಪ್ಪಿದ್ದಲ್ಲ. 1942ರಲ್ಲಿ ಆಸ್ಟ್ರಿಯದ ಕಾರ್ಲ್ ಡುಸಿಕ್ ಎಂಬ ವೈದ್ಯರು ಧ್ವನಿಯಿಂದ ಮಿದುಳಿನ ಕುಹರಗಳ ಚಿತ್ರವನ್ನು ತೆಗೆದೆವೆಂದು ಪ್ರಕಟಿಸಿದ್ದರು. ಅಂತಹ ಚಿತ್ರವು ತಲೆಬುರುಡೆಯ ಮೂಳೆಯಿಂದಲೇ ಮೂಡಬಲ್ಲುದೆಂದು ಮುಂದೆ ತಿಳಿದುಬಂದಿತು. ಡೊನಾಲ್ಡರ ಲೇಖನದ ಹೆಗ್ಗಳಿಕೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಅವರು ಆರಿಸಿಕೊಂಡುದು ಊಹೆಯನ್ನು ಒರೆಗೆ ಹಚ್ಚಬಹುದಾದ ಕ್ಷೇತ್ರ. ಶಸ್ತ್ರಚಿಕಿತ್ಸೆಗೆ ಹೋಗುವ ಹೆಂಗಸಿನ ಹೊಟ್ಟೆಯಲ್ಲಿ ಯಂತ್ರ ಏನನ್ನು ಹೇಳಿತೋ ಅದನ್ನು ಮೊದಲು ಗುರುತುಮಾಡಿಕೊಂಡು, ಆಮೇಲೆ ಕತ್ತರಿಸಿ ನೋಡಿದಾಗ ಕಂಡುದರೊಡನೆ ತಾಳೆ ನೋಡುವುದು ಸಾಧ್ಯವಿದ್ದಿತು. ನೂರು ಮಂದಿ ರೋಗಿಗಳ ಅನುಭವವೇ ಲೇಖನದ ಮೂಲಧನ. ಧ್ವನಿ ದೇಹಕ್ಕೆ ಕೇಡುಮಾಡುವುದೇ ಎಂಬ ಶಂಕೆಯನ್ನೂ ಅವರು ಬದಿಗೊತ್ತಲಿಲ್ಲ. ಬೆಕ್ಕಿನ ಮರಿಗಳ ಮಿದುಳಿನ ಮೇಲೆ ಮಾಡಿದ ಪರೀಕ್ಷೆಯನ್ನು ವರದಿಮಾಡಿದರು.

ಇಷ್ಟೆಲ್ಲ ಸಾಧಿಸಿದವರು ಕಡೆಗೆ ಏನು ಹೇಳಿದರು? ತಮಗೆ ದೊರೆತುದು ಇನ್ನೂ ವಿದ್ವತ್ತಿನ ಕುತೂಹಲಕ್ಕೆ ಸೇರಿದುದೇ ಹೊರತು ಬಳಕೆಯ ಮಹತ್ವವುಳ್ಳದ್ದಲ್ಲ, ವೈದ್ಯನು ಕೈಯಿಂದ ಮುಟ್ಟಿ ಮಾಡಿದ ನಿರ್ಣಯವನ್ನು ಯಂತ್ರದ ಮಾತು ಬದಲಿಸಬಾರದು ಎಂಬ ಅರ್ಥದ ಮಾತು ಆ ಲೇಖನದಲ್ಲಿದೆ. ಇದನ್ನು ಹುಸಿವಿನಯವೆಂದು ತಳ್ಳಿಹಾಕುವಂತಿಲ್ಲ, ಅಳುಕೆಂದೂ ಹೇಳಲಾಗದು. ಆ ವರ್ಷಗಳಲ್ಲಿಯೇ, ಜಠರದ ಅರ್ಬುದದಿಂದ ಸಾಯುತ್ತಿರುವಳೆಂದು ಕೈಬಿಟ್ಟಿದ್ದ ಒಬ್ಬ ಹೆಂಗಸನ್ನು ಯಂತ್ರವು ಪರೀಕ್ಷಿಸಿ, ಇರುವುದು ದ್ರವ ತುಂಬಿದ ದೊಡ್ಡ ಚೀಲಗಡ್ಡೆಯೆಂದು ತೋರಿಸಿತ್ತು. ಅಂಡಾಶಯದ ಆ ಗಡ್ಡೆಯನ್ನು ತೆಗೆದ ಮೇಲೆ ಆಕೆ ಬದುಕಿದಳು. ಇಂತಹ ಅನುಭವವಿದ್ದೂ ಲೇಖನಿಯನ್ನು ಹಿಡಿದು ನಿಲ್ಲಿಸಿದುದರಲ್ಲಿ ಆಚಾರ್ಯನ ಹೊಣೆಯರಿವು ಕಾಣುವುದು. ಒಂದು ಜೀವ ಉಳಿಯಿತೆಂದು ಯಂತ್ರವನ್ನು ಹೊಗಳಿದರೆ, ಆ ಹೊಗಳಿಕೆಯನ್ನು ನಂಬಿದ ಅಪಕ್ವ ವೈದ್ಯನ ಕೈಯಲ್ಲಿ ಇನ್ನೊಂದು ಜೀವ ಹೋದೀತು. ಇಲ್ಲಿ ಅತಿಶಯೋಕ್ತಿ ಅಲಂಕಾರವಾಗದು, ಅಪರಾಧವಾಗುವುದು.

ದೋಷಗಳೂ ಇಲ್ಲದಿಲ್ಲ. ಶೀರ್ಷಿಕೆಯಲ್ಲಿ ಗಡ್ಡೆಯ ಮಾತಿದೆಯೇ ಹೊರತು ಗರ್ಭದ ಸುಳಿವಿಲ್ಲ; ತಾಯಿಯ ಒಡಲಿನ ಶಿಶುವೂ ಉದರದ ಗಡ್ಡೆಗಳ ಸಾಲಿನಲ್ಲಿಯೇ ಬಂದು ನಿಂತಂತಾಗಿದೆ. ಮುಂದಿನ ಅರ್ಧ ಶತಮಾನದ ಜನ ಯಾವುದಕ್ಕಾಗಿ ಈ ವಿದ್ಯೆಯನ್ನು ಮೆಚ್ಚಿಕೊಂಡರೋ ಅದು ಇಲ್ಲಿ ಅಡಗಿಕೊಂಡಿದೆ. ಯಂತ್ರವನ್ನು ಕಟ್ಟಿದ ಬ್ರೌನರ ಹೆಸರು ಮೂರನೆಯದಾಗಿ ಬಂದುದೂ ವಿಚಾರಾರ್ಹ. ಜಗತ್ತಿನ ನೆನಪಿನಲ್ಲಿ ಪ್ರಾಧ್ಯಾಪಕರ ಹೆಸರು ಬೆಳಗಿದಷ್ಟು ಎಂಜಿನಿಯರರದು ಬೆಳಗಲಿಲ್ಲ. ಆದರೂ ಕಾರ್ಖಾನೆಯ ತರುಣನೊಬ್ಬನನ್ನು ಸಹಲೇಖಕನೆಂದು ವೈದ್ಯಪತ್ರಿಕೆಯಲ್ಲಿ ನಿಲ್ಲಿಸಿದುದು ಮೆಚ್ಚತಕ್ಕ ಸಂಗತಿಯೇ.

ಈ ಸಂಯಮವು ಒಂದು ಲೇಖನದ ಆಕಸ್ಮಿಕ ಗುಣವಲ್ಲವೆಂಬುದಕ್ಕೆ ಡೊನಾಲ್ಡರ ಪಠ್ಯಗ್ರಂಥವೇ ಸಾಕ್ಷಿ. ಪ್ರಸೂತಿಯ ತೊಡಕುಗಳನ್ನು ಕುರಿತು 1955ರಲ್ಲಿ ಮೊದಲು ಹೊರಬಂದ ಆ ಗ್ರಂಥವನ್ನು ಅವರು ತಮ್ಮಂತೆಯೇ ಸಂದೇಹಪಟ್ಟವರಿಗೂ ಅಂಜಿದವರಿಗೂ ತಪ್ಪುಮಾಡಿದವರಿಗೂ ಅರ್ಪಿಸಿದ್ದಾರೆ. ಭಾರತೀಯ ಸಂಪಾದಕರಿಂದ ಪರಿಷ್ಕೃತವಾಗಿ ಅದು ಈ ದೇಶದಲ್ಲಿಯೂ ಅಚ್ಚಾಗಿದೆ. ಗ್ಲಾಸ್ಗೊದ ಪಾಠವನ್ನು ಶಿಷ್ಯವರ್ಗವೂ ಬೆಳೆಸಿತು. ಜೇಮ್ಸ್ ವಿಲಕ್ಸರು ಶಿಶುವಿನ ತಲೆಯನ್ನು ಅಳೆದು ಬೆಳವಣಿಗೆಯನ್ನು ಗುರುತಿಸಿದರು; ಸ್ಟೂಅರ್ಟ್ ಕ್ಯಾಂಪ್‌ಬೆಲ್ಲರು 1968ರಲ್ಲಿ ಆ ಅಳತೆಯ ಕ್ರಮವನ್ನು ಇನ್ನಷ್ಟು ಖಚಿತಗೊಳಿಸಿದರು. ಡೊನಾಲ್ಡರು 1976ರಲ್ಲಿ ನಿವೃತ್ತರಾಗಿ 1987ರಲ್ಲಿ ತೀರಿಕೊಂಡರು.

ಯಂತ್ರವು ಗುರುವಿಲ್ಲದೆಯೂ ಸಂಚರಿಸಬಲ್ಲುದು. ಸಂಯಮ ಹಾಗೆ ಸಂಚರಿಸದು. ಹೆಣ್ಣುಕೂಸನ್ನು ಹೊಟ್ಟೆಯಲ್ಲಿಯೇ ಗುರುತಿಸಿ ಕಳೆಯುವ ಪಾಪಕ್ಕೆ ಈ ವಿದ್ಯೆ ಸಾಧನವಾದುದರಿಂದ ಭಾರತದಲ್ಲಿ 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತು. ಶಾಸನವಾದ ಬಹುಕಾಲದ ಮೇಲೆಯೂ, 2023ರಲ್ಲಿ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಯಂತ್ರವನ್ನಿಟ್ಟು ಈ ಕಾರ್ಯವನ್ನು ನಡೆಸುತ್ತಿದ್ದರೆಂದು ಪೊಲೀಸರು ಹೊರಗೆಡಹಿದರು. ಕಬ್ಬಿನ ಹಾಲು ಬೆಲ್ಲವಾಗುವ ಮನೆಯಲ್ಲಿ ಇಂತಹ ಕಹಿ! ಒಡಲಿನ ಅಂಚುಗಳಿಂದ ಮರಳುವ ಮಾರ್ದನಿ ಅಲ್ಲಿಯೂ ಅದೇ, ಗ್ಲಾಸ್ಗೊದಲ್ಲಿಯೂ ಅದೇ. ಕಂಡುದನ್ನು ಯಾವುದಕ್ಕಾಗಿ ನುಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕವೊಂದೇ ಎರಡರ ಅಂತರ.

ಕನ್ನಡದಲ್ಲಿ ವೈದ್ಯವಿಷಯಗಳನ್ನು ಬರೆಯುವವರ ಸಂಖ್ಯೆ ಬೆಳೆಯುತ್ತಿರುವುದು ಸಂತೋಷದ ವಿಷಯ. ಅಂತಹವರಲ್ಲಿ ಒಬ್ಬರು ಈ ಲೇಖನವನ್ನು ಚಿತ್ರಗಳೊಡನೆ, ಟಿಪ್ಪಣಿಯೊಡನೆ ಕನ್ನಡಕ್ಕೆ ತಂದರೆ ಮಹದುಪಕಾರವಾದೀತು. ಶ್ರವಣಾತೀತ ಧ್ವನಿಯ ವಿಷಯದಲ್ಲಿ ಇದಕ್ಕಿಂತ ಹೊಸದಾದ, ನಿಖರವಾದ ಬರಹಗಳು ನೂರಾರು ದೊರಕುವುವು. ತನ್ನ ಶೋಧಕ್ಕೆ ತಾನೇ ಮಿತಿಯನ್ನು ಹಾಕಿಕೊಂಡ ಬರಹ ಅಷ್ಟು ಸುಲಭವಾಗಿ ದೊರಕದು.