ರಚನಾರಾಹಿತ್ಯವೂ ನಿರ್ಣಯವೂ: ಜೋ ಫ್ರೀಮನ್ ಅವರ ಒಂದು ಪ್ರಬಂಧದ ವಿಮರ್ಶೆ

ಜನರು ತಾವಾಗಿಯೇ ಕೂಡಿಕೊಂಡು ನಡೆಸುವ ಪ್ರತಿಭಟನೆಗಳಲ್ಲಿ ನಿರ್ಣಯಗಳು ಯಾರಿಂದ, ಯಾವ ಕ್ರಮದಲ್ಲಿ ಆಗುತ್ತವೆ ಎಂಬುದನ್ನು ಕುರಿತ ಬರಹಗಳಲ್ಲಿ ಅಮೆರಿಕದ ಜೋ ಫ್ರೀಮನ್ ಅವರ ‘ರಚನಾರಾಹಿತ್ಯದ ದಬ್ಬಾಳಿಕೆ’ ಎಂಬ ಪ್ರಬಂಧದಷ್ಟು ಪ್ರಸಿದ್ಧವಾದುವು ಕೆಲವೇ. ೧೯೭೦ರಲ್ಲಿ ಮಹಿಳೆಯರ ಸಮ್ಮೇಳನವೊಂದರ ಭಾಷಣವಾಗಿ ಹುಟ್ಟಿ, ಮುಂದಿನ ಎರಡು ಮೂರು ವರ್ಷಗಳಲ್ಲಿ ಹಲವು ಪತ್ರಿಕೆಗಳಲ್ಲಿ ಅಚ್ಚಾದ ಈ ಕಿರುಬರಹವನ್ನು ಚಳವಳಿಗಾರರೂ ವಿದ್ವಾಂಸರೂ ಇಂದಿಗೂ ಓದುತ್ತಿದ್ದಾರೆ. ಇಷ್ಟು ಕಾಲ ಬಾಳಿದ ಬರಹವನ್ನು ಹೊಗಳುವುದು ಕಷ್ಟವಲ್ಲ. ಅದರ ವಾದ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

೧೯೬೦ರ ದಶಕದ ಕೊನೆಯಲ್ಲಿ ಅಮೆರಿಕದ ಸ್ತ್ರೀವಿಮೋಚನಾ ಚಳವಳಿಯು ಸಣ್ಣ ಸಣ್ಣ ಗುಂಪುಗಳಾಗಿ ಹಬ್ಬಿತು. ಹೆಂಗಸರು ತಮ್ಮ ಬಾಳಿನ ಅನುಭವಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಆ ಗುಂಪುಗಳ ಮುಖ್ಯ ಕಾರ್ಯವಾಗಿತ್ತು. ಅದಕ್ಕೆ ಅಧ್ಯಕ್ಷರೂ ಬೇಡ, ನಿಯಮಾವಳಿಯೂ ಬೇಡ. ತೊಡಕು ಹುಟ್ಟಿದ್ದು ಅದೇ ಗುಂಪು ಮಾತಿನಿಂದ ಕೃತಿಗೆ ಇಳಿಯಲು ಹೊರಟಾಗ. ಫ್ರೀಮನ್ ಅವರ ಪ್ರತಿಪಾದನೆಯೆಂದರೆ, ರಚನೆಯಿಲ್ಲದ ಗುಂಪು ಲೋಕದಲ್ಲಿ ಇಲ್ಲವೇ ಇಲ್ಲ. ಕಾಣುವ ರಚನೆಯನ್ನು ಬೇಡವೆಂದವರು ಕಾಣದ ರಚನೆಯೊಂದಕ್ಕೆ ಒಳಗಾಗುತ್ತಾರೆ. ಆ ಕಾಣದ ರಚನೆ ಯಾವುದು? ಗೆಳೆತನದ ಬಳಗ. ಸಭೆಗೆ ಮುನ್ನ ತಮ್ಮತಮ್ಮೊಳಗೆ ಆಡಿಕೊಂಡವರ ಮಾತು ಸಭೆಯಲ್ಲಿ ಸಹಜವಾಗಿಯೇ ಗೆಲ್ಲುತ್ತದೆ. ಹೊರಗುಳಿದವರಿಗೆ ತಾವು ಸೋತದ್ದು ತಿಳಿಯುತ್ತದೆಯೇ ವಿನಾ ಹೇಗೆ ಸೋತೆವೆಂಬುದು ತಿಳಿಯುವುದಿಲ್ಲ. ಯಾರೂ ಆರಿಸದೆ ಮೇಲೆ ಬಂದವರನ್ನು ಯಾರೂ ಕೆಳಗಿಳಿಸಲಾರರು. ಪ್ರಬಂಧದ ಈ ಭಾಗ ನಮ್ಮ ಅಭಿಪ್ರಾಯದಲ್ಲಿ ನಿರ್ದುಷ್ಟವಾದುದು. ಸಂಘ, ಸಮಿತಿಗಳಲ್ಲಿ ಒಂದು ವರ್ಷ ಕೆಲಸ ಮಾಡಿದವರಾರೂ ಇದನ್ನು ಅಲ್ಲಗಳೆಯಲಾರರು.

ಪರಿಹಾರವಾಗಿ ಲೇಖಕಿಯು ಏಳು ತತ್ತ್ವಗಳನ್ನು ಸೂಚಿಸುತ್ತಾರೆ. ಅಧಿಕಾರವನ್ನು ನಿರ್ದಿಷ್ಟ ವ್ಯಕ್ತಿಗಳಿಗೆ ನಿರ್ದಿಷ್ಟ ಕಾರ್ಯಕ್ಕಾಗಿ ವಹಿಸುವುದು, ಅವರು ಗುಂಪಿಗೆ ಉತ್ತರವಾದಿಗಳಾಗಿರುವುದು, ಅಧಿಕಾರವನ್ನು ಹಲವರಲ್ಲಿ ಹಂಚುವುದು, ಸರದಿಯ ಮೇಲೆ ಬದಲಿಸುವುದು, ಮಾಹಿತಿಯನ್ನು ಎಲ್ಲರಿಗೂ ಮುಟ್ಟಿಸುವುದು ಇತ್ಯಾದಿ. ಇವುಗಳ ವಿವೇಕದಲ್ಲಿ ಸಂದೇಹವಿಲ್ಲ. ಆದರೆ ಈ ತತ್ತ್ವಗಳು ಒಂದು ಸಂಗತಿಯನ್ನು ಗಣನೆಗೆ ತಂದುಕೊಂಡಿಲ್ಲ; ಅದು ಅವಸರ. ಬಳಗದೊಳಕ್ಕೆ ಪ್ರವೇಶ ದೊರೆಯಲು ಹಿನ್ನೆಲೆ, ಸ್ವಭಾವಗಳ ಜೊತೆಗೆ ಚಳವಳಿಗೆ ಕೊಡಬಲ್ಲ ಕಾಲವೂ ಅರ್ಹತೆಯಾಗುತ್ತದೆಂದು ಲೇಖಕಿಯೇ ಸೂಕ್ಷ್ಮವಾಗಿ ಗಮನಿಸಿದ್ದಾರೆ. ಒಳಗಿನವರ ಕೈಯಲ್ಲಿರುವ ಕಾಲವನ್ನು ಕಂಡ ಅವರ ತತ್ತ್ವಗಳು ಹೊರಗಿನಿಂದ ಎದುರಾಳಿಯು ವಿಧಿಸುವ ಗಡುವನ್ನು ಕಾಣಲಿಲ್ಲ.

ಇದನ್ನು ಪರೀಕ್ಷಿಸಲು ಸೀಬ್ರೂಕಿನ ಉದಾಹರಣೆ ಉಪಯುಕ್ತವಾಗಿದೆ. ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಆ ಕಡಲೂರಿನಲ್ಲಿ ಕಟ್ಟಲು ಹೊರಟ ಪರಮಾಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿ ೧೯೭೬ರಲ್ಲಿ ‘ಕ್ಲಾಮ್‌ಷೆಲ್ ಅಲಯನ್ಸ್’ ಹುಟ್ಟಿತು. (ನಮ್ಮ ಕರಾವಳಿಯವರು ಮರುವಾಯಿ ಎನ್ನುವಂಥ ಚಿಪ್ಪುಜೀವಿಯ ಹೆಸರನ್ನೇ ಅದು ಧರಿಸಿತ್ತು.) ಇದು ಫ್ರೀಮನ್ ಅವರು ಕಂಡ ಗುಂಪುಗಳಂತೆ ರಚನೆಯನ್ನು ನಿರಾಕರಿಸಿದ ಕೂಟವಲ್ಲ. ಹತ್ತಿಪ್ಪತ್ತು ಜನರ ಆಪ್ತ ಗುಂಪುಗಳು, ಪ್ರತಿ ಗುಂಪಿನಿಂದ ಒಬ್ಬ ವಕ್ತಾರ, ವಕ್ತಾರರ ಸಭೆ, ಅದರ ಮೇಲೆ ಒಂದು ಸಮನ್ವಯ ಸಮಿತಿ, ಪ್ರತಿಯೊಬ್ಬನಿಗೂ ಅಹಿಂಸೆಯ ತರಬೇತಿ: ಎಲ್ಲವೂ ಇದ್ದವು. ನಿರ್ಣಯಗಳು ಮಾತ್ರ ಬಹುಮತದಿಂದಲ್ಲ, ಒಮ್ಮತದಿಂದ. ೧೯೭೭ರ ಮೇ ೧ರಂದು ಸ್ಥಾವರದ ನೆಲದಲ್ಲಿ ೧,೪೧೪ ಜನ ಬಂಧಿತರಾದರು. ಜಾಮೀನು ನಿರಾಕರಿಸಿದ ನೂರಾರು ಮಂದಿಯನ್ನು ಸುಮಾರು ಎರಡು ವಾರ ಸೈನ್ಯದ ಶಸ್ತ್ರಾಗಾರದ ಕಟ್ಟಡಗಳಲ್ಲಿ ಇರಿಸಿದಾಗ ಅಲ್ಲಿಯೂ ಗುಂಪುಗಳ ಸಭೆಗಳು ನಡೆದವು. ಪದ್ಧತಿಯ ಶಕ್ತಿ ವ್ಯಕ್ತವಾದುದು ಆ ದಿನಗಳಲ್ಲಿ. ಅಲ್ಲಿ ಎಲ್ಲರ ಸ್ಥಿತಿಯೂ ಒಂದೇ ಆಗಿತ್ತು, ಕಾಲವೂ ಧಾರಾಳವಾಗಿತ್ತು.

ಮರುವರ್ಷ ಇವೆರಡೂ ಇಲ್ಲವಾದವು. ೧೯೭೮ರ ಜೂನ್ ತಿಂಗಳಿಗೆಂದು ಮತ್ತೊಂದು ಆಕ್ರಮಣವು ಯೋಜಿತವಾಗಿದ್ದಾಗ ಪ್ರಾಂತದ ಅಟಾರ್ನಿ ಜನರಲ್ ಒಂದು ಸಂಧಾನವನ್ನು ಮುಂದಿಟ್ಟರು: ಸ್ಥಾವರದ ನೆಲದಲ್ಲಿಯೇ ಕಾನೂನುಬದ್ಧವಾಗಿ ಸಭೆ ನಡೆಸಬಹುದು, ಆದರೆ ಮುಗಿದ ಮೇಲೆ ಎಲ್ಲರೂ ಹೊರಟುಹೋಗಬೇಕು. ಕಡಲತೀರದ ನಿವಾಸಿಗಳಿಗೆ ಇದು ಒಪ್ಪಿಗೆಯಾಗಬಹುದಾದ ಮಾತು. ಘರ್ಷಣೆ ನಡೆದರೆ ನೆರೆಹೊರೆಯವರ ಮುಖ ನೋಡಿಕೊಂಡು ಬಾಳಬೇಕಾದವರು ಅವರು. ದೂರದ ನಗರಗಳ ಹಲವು ಗುಂಪುಗಳಿಗೆ ಅದು ಶರಣಾಗತಿಯಾಗಿ ತೋರಿತು. ಎಲ್ಲ ಗುಂಪುಗಳಿಗೂ ಪ್ರಶ್ನೆಯನ್ನು ಒಯ್ದು ಒಮ್ಮತವನ್ನು ತರುವಷ್ಟು ಅವಕಾಶವಿರಲಿಲ್ಲ. ಸಮನ್ವಯ ಸಮಿತಿಯು ಒಪ್ಪಿಕೊಂಡಿತು. ಸಭೆಗೆ ಸಾವಿರಾರು ಜನ ಸೇರಿದರು. ಆದರೆ ತಮ್ಮನ್ನು ಕೇಳದೆ ನಿರ್ಣಯವಾಯಿತೆಂಬ ಕಹಿ ಕೂಟವನ್ನು ಒಡೆಯಿತು. ಫ್ರೀಮನ್ ಅವರ ತತ್ತ್ವಗಳಂತೆ ನೋಡಿದರೆ ಸಮಿತಿ ಗುಪ್ತ ಬಳಗವಲ್ಲ, ಎಲ್ಲರಿಗೂ ಗೊತ್ತಿದ್ದ ಅಂಗ. ಆದರೂ ಫಲ ಒಂದೇ ಆಯಿತು. ಗಡುವು ಬಂದಾಗ ಯಾರು, ಎಷ್ಟರ ಮಟ್ಟಿಗೆ ನಿರ್ಣಯಿಸಬಹುದೆಂಬುದನ್ನು ಶಾಂತಕಾಲದಲ್ಲಿಯೇ ಒಪ್ಪಿಕೊಳ್ಳದಿದ್ದರೆ ಕಾಣುವ ರಚನೆಯೂ ರಕ್ಷಿಸಲಾರದು.

ಒಮ್ಮತವೆಂಬ ಪದವನ್ನೂ ಇಲ್ಲಿ ಸ್ವಲ್ಪ ವಿಚಾರಿಸಬೇಕು. ಸೀಬ್ರೂಕಿಗೆ ಈ ಪದ್ಧತಿ ಬಂದದ್ದು ಕ್ವೇಕರ್ ಪಂಥದ ಸೇವಾಸಂಸ್ಥೆಯ ಕಾರ್ಯಕರ್ತರ ಮೂಲಕ. ಕ್ವೇಕರರ ಸಭೆಯಲ್ಲಿ ಮತಗಣನೆಯಿಲ್ಲ. ಮೌನದಲ್ಲಿ ಕುಳಿತ ಭಕ್ತರ ನಡುವೆ ದೈವಪ್ರೇರಣೆ ಯಾವ ಕಡೆಗಿದೆಯೆಂಬುದನ್ನು ಸಭೆಯನ್ನು ನಡೆಸುವವನು ಗ್ರಹಿಸಿ ನುಡಿಯುತ್ತಾನೆ. ಆ ಶ್ರದ್ಧೆಯಿಲ್ಲದವರ ಕೂಟಕ್ಕೆ ಪದ್ಧತಿಯನ್ನಷ್ಟೇ ತಂದಾಗ ಉಳಿಯುವುದು ನಮ್ಮ ಹಳೆಯ ಮಾತಿನಂತೆ ಮೌನವೇ ಸಮ್ಮತಿಲಕ್ಷಣವೆಂಬ ಊಹೆ. ಆಯಾಸದಿಂದ ಸುಮ್ಮನಾದವನ ಮೌನವೂ ಒಪ್ಪಿದವನ ಮೌನವೂ ಕಿವಿಗೆ ಒಂದೇ.

ಫ್ರೀಮನ್ ಅವರಿಗೆ ಕ್ಯಾಥಿ ಲೆವೀನ್ ಬರೆದ ಉತ್ತರವು ಸಣ್ಣ ಗುಂಪಿನ ಆತ್ಮೀಯತೆಯೇ ಚಳವಳಿಯ ಜೀವವೆಂದು ವಾದಿಸುತ್ತದೆ. ಅದರಲ್ಲಿ ಉತ್ಸಾಹವಿದೆ, ಹೊರಗುಳಿದವರ ಪ್ರಶ್ನೆಗೆ ಸಮಾಧಾನವಿಲ್ಲ. ಹೆಚ್ಚು ಬೆಳಕು ನೀಡುವುದು ಜೇನ್ ಮ್ಯಾನ್ಸ್‌ಬ್ರಿಜ್ ಅವರ ೧೯೮೦ರ ಗ್ರಂಥ. ವರ್ಮಾಂಟ್ ಪ್ರಾಂತದ ಒಂದು ಊರಸಭೆಯನ್ನೂ ಒಂದು ಸಹಾಯಕೇಂದ್ರವನ್ನೂ ಹತ್ತಿರದಿಂದ ಕಂಡ ಅವರು, ಹಿತಗಳು ಒಂದಾಗಿರುವಲ್ಲಿ ಒಮ್ಮತವು ಸಲ್ಲುತ್ತದೆ, ಹಿತಗಳು ಭಿನ್ನವಾದಲ್ಲಿ ದುರ್ಬಲನಿಗೆ ಮತವೇ ರಕ್ಷಣೆ ಎಂಬ ನಿಲುವಿಗೆ ಬಂದರು. ಸೀಬ್ರೂಕಿನ ತೀರವಾಸಿಗೂ ನಗರವಾಸಿಗೂ ಗುರಿ ಒಂದೇ ಇದ್ದರೂ ತೆರಬೇಕಾದ ಬೆಲೆ ಒಂದಾಗಿರಲಿಲ್ಲ ಎಂಬುದನ್ನು ಈ ಗ್ರಂಥದ ಬೆಳಕಿನಲ್ಲಿ ಓದಬೇಕು.

೨೦೧೧ರ ಸೆಪ್ಟೆಂಬರ್ ೧೭ರಂದು ನ್ಯೂಯಾರ್ಕಿನ ಜುಕೋಟಿ ಉದ್ಯಾನದಲ್ಲಿ ಆರಂಭವಾದ ‘ಆಕ್ಯುಪೈ’ ಬೀಡು ಇದೇ ಪ್ರಶ್ನೆಯನ್ನು ಮತ್ತೆ ಎತ್ತಿತು. ಧ್ವನಿವರ್ಧಕಕ್ಕೆ ಅನುಮತಿಯಿಲ್ಲದ್ದರಿಂದ ಒಬ್ಬನ ಮಾತನ್ನು ಇಡೀ ಸಭೆ ತುಣುಕು ತುಣುಕಾಗಿ ಮರುನುಡಿಯುತ್ತಿತ್ತು. ಎದುರಾಳಿಯ ವಾದವನ್ನು ತನ್ನ ಬಾಯಿಂದಲೇ ಹೇಳಬೇಕಾದ ಆ ಕ್ರಮವನ್ನು ನಾವು ಮೆಚ್ಚುತ್ತೇವೆ. ಉದ್ದವಾದ ತರ್ಕ ಅದರಲ್ಲಿ ಬದುಕಲಾರದೆಂಬುದೂ ನಿಜ. ಒಮ್ಮತ ಕೂಡಿಬರದಿದ್ದಲ್ಲಿ ನೂರಕ್ಕೆ ತೊಂಬತ್ತರ ಮತವೆಂಬ ನಿಯಮವಿತ್ತು. ಆದರೆ ಆ ದಿನ ಬಂದು ನಿಂತವನಿಗೂ ಬೀಡಿನಲ್ಲಿ ತಿಂಗಳು ಕಳೆದವನಿಗೂ ಸಭೆಯಲ್ಲಿ ಸಮಾನ ಅಧಿಕಾರ; ಸಂಜೆಯ ಸಭೆ ಗಂಟೆಗಟ್ಟಲೆ ಬೆಳೆದರೆ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವನು ಎದ್ದುಹೋಗುತ್ತಾನೆ. ಫ್ರೀಮನ್ ಅವರು ಕಂಡ ಕಾಲದ ಅರ್ಹತೆ ಇಲ್ಲಿ ಬಯಲಿನಲ್ಲಿಯೇ ನಡೆಯಿತು. ಅಕ್ಟೋಬರ್ ಕೊನೆಯಲ್ಲಿ ಕಾರ್ಯನಿರ್ವಹಿಸುವ ಗುಂಪುಗಳ ವಕ್ತಾರರ ಸಭೆಯೊಂದನ್ನು ಏರ್ಪಡಿಸಲು ಒಪ್ಪಿಗೆ ದೊರೆಯಿತು. ಸೀಬ್ರೂಕಿನವರು ಮೂರು ದಶಕಗಳ ಹಿಂದೆ ಬಳಸಿದ ಸಾಧನವೇ ಅದು. ನವೆಂಬರ್ ೧೫ರ ನಸುಕಿನಲ್ಲಿ ಪೋಲೀಸರು ಉದ್ಯಾನವನ್ನು ತೆರವು ಮಾಡಿದರು. ಬೀಡಿಗಾಗಿ ರಚಿತವಾದ ವಕ್ತಾರರ ಸಭೆ ಬೀಡಿಲ್ಲದೆಯೇ ಕೆಲವು ಕಾಲ ಸೇರುತ್ತಿತ್ತು.