ಕೊಳಗದ ಲೆಕ್ಕ ಮತ್ತು ವಾರಂಗಲ್ ಠಾಣೆ: ಶಾಂತವೇರಿ ಗೋಪಾಲಗೌಡರ ಬದುಕು, ಅನಂತಮೂರ್ತಿಯವರ 'ಅವಸ್ಥೆ'

ಧ್ವನಿ ಕೇಳ್ತಾ ಇದೆ ಅಂದ್ಕೊಂಡಿದೀನಿ. ಆಲೂರಿನಿಂದ ಮಾತಾಡ್ತಾ ಇದೀನಿ, ಇಲ್ಲಿ ನೆಟ್‌ವರ್ಕ್ ಆಗಾಗ ಹೋಗುತ್ತೆ, ಅದಕ್ಕೇ ವಿಡಿಯೊ ಆಫ್ ಮಾಡಿದೀನಿ.

ಒಬ್ಬ ರಾಜಕಾರಣಿಯ ಬದುಕು ಕಾದಂಬರಿಯಾದಾಗ ಅದರಲ್ಲಿ ಯಾವುದು ಉಳಿಯುತ್ತದೆ, ಯಾವುದು ಜಾರಿಹೋಗುತ್ತದೆ ಎಂಬುದು ನನ್ನ ಪ್ರಶ್ನೆ. ಗೋಪಾಲಗೌಡರ ಬದುಕಿನ ಹೊರರೇಖೆ ಬಹಳ ಜನಕ್ಕೆ ಗೊತ್ತು, ಬೇಗ ಹೇಳಿ ಮುಂದೆ ಹೋಗ್ತೀನಿ. 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟು. 1942ರ ಚಳವಳಿಯಲ್ಲಿ ಜೈಲು. 1951ರಲ್ಲಿ ಕಾಗೋಡು ಸತ್ಯಾಗ್ರಹ. 1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ಶಾಸಕ, ವಯಸ್ಸು 29. 1957ರಲ್ಲಿ ಸೋಲು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆಲುವು. 1972ರ ಜೂನ್ 9ರಂದು ಸಾವು, ಐವತ್ತು ತುಂಬುವ ಮೊದಲೇ. ಒಂದು ದಿನಕ್ಕೂ ಮಂತ್ರಿಯಾಗಲಿಲ್ಲ.

'ಅವಸ್ಥೆ' ಬಂದದ್ದು 1978ರಲ್ಲಿ. ಅದೇ ತೀರ್ಥಹಳ್ಳಿ ತಾಲ್ಲೂಕಿನವರು, ಅದೇ ಸಮಾಜವಾದಿ ಗೆಳೆಯರ ಬಳಗದವರು ಬರೆದ ಕಾದಂಬರಿ. ಪಾರ್ಶ್ವವಾಯು ಹೊಡೆದು ಮಲಗಿರುವ ಕೃಷ್ಣಪ್ಪ ಗೌಡನಿಂದ ಶುರುವಾಗುತ್ತದೆ. ಅವನ ಜೀವನಚರಿತ್ರೆ ಬರೆಯಬೇಕೆಂದಿರುವ ಹುಡುಗ ನಾಗೇಶ ಪಕ್ಕದಲ್ಲೇ ಇದ್ದಾನೆ. ದನ ಕಾಯುವ ಹುಡುಗನ ದಿನಗಳು, ಮಹೇಶ್ವರಯ್ಯ, ಅಣ್ಣಾಜಿ, ಗೌರಿ, ಎಲ್ಲವೂ ಹಾಸಿಗೆಯ ನೆನಪಿನಲ್ಲಿ ಬರುತ್ತವೆ. ಕೃಷ್ಣಪ್ಪನೇ ಗೋಪಾಲಗೌಡ ಅಂತ ಓದಬಾರದು ಅಂತ ನಮಗೆ ಪಾಠದಲ್ಲಿ ಹೇಳ್ತಾರೆ. ಸರಿ, ಒಪ್ಪೋಣ. ಆದರೆ ಇವತ್ತು ನನ್ನ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಗೋಪಾಲಗೌಡರು ಸಿಗೋದೇ ಕೃಷ್ಣಪ್ಪನ ಮೂಲಕ. ಸಿಲಬಸ್ಸಿನಲ್ಲಿ ಕಾದಂಬರಿ ಇರುತ್ತೆ, ಶಾಸನಸಭೆಯ ಭಾಷಣ ಇರೋದಿಲ್ಲ. ಹಾಗಾಗಿ ಈ ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕಲೇಬೇಕು.

ಕಾದಂಬರಿಯ ದೊಡ್ಡ ಪ್ರಶ್ನೆ ಇದು: ಮುಖ್ಯಮಂತ್ರಿ ಪದವಿ ಕೈಗೆ ಎಟುಕುವಷ್ಟು ಹತ್ತಿರ ಬಂದಾಗ ಈ ಮನುಷ್ಯ ಶುದ್ಧವಾಗಿ ಉಳಿಯುತ್ತಾನೋ ಇಲ್ಲವೋ? ಕಂಟ್ರಾಕ್ಟರ್ ವೀರಣ್ಣನ ಹಣ, ಹೆಂಡತಿಯ ಮೇಲೆ ಎತ್ತುವ ಕೈ, ತನ್ನ ಬಗ್ಗೆ ತನಗೇ ಹುಟ್ಟುವ ಅಸಹ್ಯ, ಇವನ್ನೆಲ್ಲ ಅನಂತಮೂರ್ತಿ ಬರೆದ ರೀತಿಗೆ ಕನ್ನಡದಲ್ಲಿ ಸಾಟಿ ಕಡಿಮೆ. ಆದರೆ ಗೋಪಾಲಗೌಡರ ಬದುಕು ಕೇಳುವ ಪ್ರಶ್ನೆ ಇದಲ್ಲ. ಅಧಿಕಾರಕ್ಕೆ ಬರದೆ, ವಿರೋಧಪಕ್ಷದ ಬೆಂಚಿನಲ್ಲೇ ಕೂತು, ನಡುವೆ ಒಮ್ಮೆ ಸೋತು, ಒಬ್ಬ ರಾಜಕಾರಣಿ ಏನು ಕೆಲಸ ಮಾಡಬಹುದು? ಇದು ಅಷ್ಟೊಂದು ನಾಟಕೀಯವಾದ ಪ್ರಶ್ನೆ ಅಲ್ಲ. ಆದರೆ ಗೇಣಿದಾರನಿಗೆ ಬೇಕಾಗಿದ್ದದ್ದು ಇದರ ಉತ್ತರ.

ಕಾಗೋಡಿನಲ್ಲಿ ಜಗಳ ಶುರುವಾದದ್ದು ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯದಕ್ಕಿಂತ ದೊಡ್ಡದು ಎಂಬುದು ದೀವರ ಗೇಣಿದಾರರ ದೂರು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ನೋಡಿ, ಒಂದು ಅಳತೆಯ ಪಾತ್ರೆಯಿಂದ ಶುರುವಾದದ್ದು 1974ರ ಭೂಸುಧಾರಣೆ ತಿದ್ದುಪಡಿಯ ತನಕ ಹೋಯ್ತು. ಭೂ ನ್ಯಾಯಮಂಡಳಿಗೆ ಫಾರಂ 7 ತುಂಬಿ 'ಡಿಕ್ಲರೇಷನ್' ಹಾಕಿದ ಗೇಣಿದಾರ ಭೂಮಾಲೀಕನಾದ. ಅದನ್ನು ನೋಡೋಕೆ ಗೋಪಾಲಗೌಡರು ಇರಲಿಲ್ಲ.

ಕಾದಂಬರಿಯಲ್ಲಿ ರೈತರ ಸಂಘಟನೆ ಇಲ್ಲ ಅಂತಲ್ಲ, ಇದೆ. ಆದರೆ ಕೃಷ್ಣಪ್ಪನ ದೇಹದ ಮೇಲೆ ಸರ್ಕಾರ ಎರಗುವ ಅತಿ ಘೋರ ಜಾಗ ಯಾವುದು? ವಾರಂಗಲ್‌ನ ಪೊಲೀಸ್ ಠಾಣೆ. ಮಲೆನಾಡಿನ ಠಾಣೆ ಅಲ್ಲ. ಸಾಗರದ ಲಾಕಪ್ಪನ್ನು ಬಿಟ್ಟು ಕಥೆ ಅಷ್ಟು ದೂರ ಯಾಕೆ ಹೋಗಬೇಕು? ಅಣ್ಣಾಜಿಯ ಕ್ರಾಂತಿಗೆ ತೆಲಂಗಾಣದ ಹಿನ್ನೆಲೆ ಬೇಕಿತ್ತು ಅನ್ನೋದು ಒಂದು ಉತ್ತರ, ನ್ಯಾಯವಾದದ್ದೇ. ಆದರೂ ಅದರ ಪರಿಣಾಮ ಇನ್ನೊಂದು. ಕನ್ನಡ ಓದುಗನಿಗೆ ಕ್ರೌರ್ಯ ಎನ್ನುವುದು ಗಡಿಯಾಚೆ, ತೆಲುಗು ಸೀಮೆಯಲ್ಲಿ ನಡೆಯುವ ಸಂಗತಿಯಾಗಿಬಿಡುತ್ತದೆ. ಕಾಗೋಡಿನಲ್ಲಿ ರೈತರು ತಿಂದ ಏಟು ಒಬ್ಬ ನಾಯಕನ ಒಳಗಿನ ಗಾಯವಾಗುತ್ತದೆ. ಗಡಿಯಾಚೆ ಕೂತು ಓದುವ ನನಗೆ ಇದು ಸ್ವಲ್ಪ ಚುಚ್ಚುತ್ತೆ, ಸುಳ್ಳು ಹೇಳಲ್ಲ.

ಇಲ್ಲಿ ದಕ್ಷಿಣ ಅಮೆರಿಕದ ಒಂದು ಉದಾಹರಣೆ ಸಹಾಯಕ್ಕೆ ಬರುತ್ತೆ. ಮಾರ್ಕ್ವೆಜ್ 1989ರಲ್ಲಿ ಸಿಮೋನ್ ಬೊಲಿವಾರ್ ಬಗ್ಗೆ 'ದಿ ಜನರಲ್ ಇನ್ ಹಿಸ್ ಲ್ಯಾಬಿರಿಂತ್' ಬರೆದ. ಅಲ್ಲೂ ರೋಗದ ದೇಹ, ಅಲ್ಲೂ ಸೋತ ನಾಯಕ, ಅಧಿಕಾರ ಬಿಟ್ಟು ನದಿಯ ಮೇಲೆ ಸಾವಿನ ಕಡೆಗೆ ಹೋಗುವ ಪ್ರಯಾಣ. ಬೊಲಿವಾರ್ 1830ರಲ್ಲಿ ಸತ್ತಾಗ ವಯಸ್ಸು 47. 'ಅವಸ್ಥೆ'ಗೂ ಅದಕ್ಕೂ ಹೋಲಿಕೆ ಎಷ್ಟೋ ಇದೆ, ನಮ್ಮದು ಹನ್ನೊಂದು ವರ್ಷ ಮೊದಲಿನದು. ಆದರೆ ಮಾರ್ಕ್ವೆಜ್ ಹೆಸರನ್ನು ಬದಲಿಸಲಿಲ್ಲ. ಪುಸ್ತಕದ ಕೊನೆಗೆ ಬೊಲಿವಾರನ ಬದುಕಿನ ಕಾಲಾನುಕ್ರಮಣಿಕೆಯನ್ನೂ ಸೇರಿಸಿದ. ಓದುಗ ಎರಡನ್ನೂ ಎದುರುಬದುರು ಇಟ್ಟುಕೊಂಡು ಜಗಳ ಆಡಬಹುದು, ಆಡಿದರು ಕೂಡ. ಹೆಸರು ಬದಲಿಸಿದ್ದರಿಂದ ಅನಂತಮೂರ್ತಿಯವರಿಗೆ ಸ್ವಾತಂತ್ರ್ಯ ಸಿಕ್ಕಿತು, ನಮಗೆ ಜಗಳದ ಅವಕಾಶ ತಪ್ಪಿತು.

ಚಾಟ್‌ನಲ್ಲಿ ಮೇಡಂ ಒಬ್ಬರು ಕೇಳಿದಾರೆ: "ಕಾದಂಬರಿಕಾರ ಇತಿಹಾಸದ ಗುಮಾಸ್ತ ಆಗಬೇಕಾ?" ಬೇಡ ಮೇಡಂ. ನನ್ನ ತಕರಾರು ಕಾದಂಬರಿಯ ಮೇಲಿಗಿಂತ ನಮ್ಮ ವಿಮರ್ಶೆಯ ಮೇಲೆ ಜಾಸ್ತಿ. ಕೃಷ್ಣಪ್ಪನ ಅಂತರಂಗದ ಬಗ್ಗೆ ಎಷ್ಟೆಲ್ಲ ಬರೆದಿದ್ದೇವೆ. ಗೋಪಾಲಗೌಡರ ಸಭಾ ಮಾತುಗಳನ್ನು ಗದ್ಯವಾಗಿ, ಕನ್ನಡದ ಒಳ್ಳೆಯ ಗದ್ಯವಾಗಿ, ಓದೋಕೆ ಕೂತವರು ಎಷ್ಟು ಜನ?

ಇನ್ನೊಂದು ಪ್ರಶ್ನೆ, ಆಲೂರಿನವರಿಗೆ ಗೋಪಾಲಗೌಡರು ಯಾಕೆ ಅಂತ. ಸರ್, ನಮ್ಮ ಆಲೂರು, ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಮೂರೂ ಆಂಧ್ರಕ್ಕೆ ಹೋದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ರಾಜ್ಯಕ್ಕೆ 'ಕರ್ನಾಟಕ' ಅನ್ನೋ ಹೆಸರು ಬೇಕು ಅಂತ ಗೋಪಾಲಗೌಡರು ಸಭೆಯ ಒಳಗೂ ಹೊರಗೂ ಹಟ ಹಿಡಿದಿದ್ದರು. ಅದು ಬಂದದ್ದು 1973ರ ನವೆಂಬರ್ 1ಕ್ಕೆ, ಅವರು ತೀರಿಕೊಂಡ ಮೇಲೆ. ಆ ಹೆಸರು ನಮ್ಮ ಊರಿನ ತನಕ ಬರಲಿಲ್ಲ. ಹಾಗಾಗಿ ಅವರನ್ನು ಹೆಸರಿಗಾಗಿ ನೆನೆಯೋದಕ್ಕಿಂತ ಕೊಳಗಕ್ಕಾಗಿ ನೆನೆಯೋದು ನಮಗೆ ಹತ್ತಿರ. ಇಲ್ಲಿ ಹೊಲವನ್ನು ಕೋರಿಗೆ, ಗುತ್ತಿಗೆಗೆ ಮಾಡುವವರು ಇವತ್ತೂ ಇದ್ದಾರೆ, ಬಹಳಷ್ಟು ಬಾಯಿಮಾತಿನ ಮೇಲೆ. ಮಳೆ ಕೈಕೊಟ್ಟರೆ ಮೆಣಸಿನಕಾಯಿ ಬಿಡಿಸೋಕೆ ಗುಂಟೂರಿಗೆ ವಲಸೆ. 2019ರ ಆಂಧ್ರದ ಕಾಯ್ದೆ ಕೌಲು ರೈತನಿಗೆ 11 ತಿಂಗಳ ಕಾರ್ಡು ಕೊಡುತ್ತೆ, ಆದರೆ ಅದಕ್ಕೂ ಹೊಲದ ಒಡೆಯ ಒಪ್ಪಬೇಕು. ಒಡೆಯನ ಒಪ್ಪಿಗೆಗೆ ಕಾಯದೆ ಹಾಕಬಹುದಾದ ಅರ್ಜಿ ಅಂತ ಒಂದು ಇತ್ತು, ಅದರ ಹೆಸರು ಫಾರಂ 7 ಅಂತ ನಾನು ಓದಿದ್ದು 'ಅವಸ್ಥೆ'ಯಲ್ಲಿ ಅಲ್ಲ.