ಎಡವುಗಲ್ಲು ಮತ್ತು ವಯೋಮಿತಿ: ಹೈಟ್ ಅವರ ಗ್ರಂಥದ ಒಂದು ವಿಮರ್ಶೆ

ಅಮೆರಿಕದ ಮನೋವಿಜ್ಞಾನಿ ಜೊನಾಥನ್ ಹೈಟ್ ಅವರ ‘ದಿ ಆಂಕ್ಷಸ್ ಜನರೇಷನ್’ 2024ರ ಮಾರ್ಚಿನಲ್ಲಿ ಪ್ರಕಟವಾಯಿತು. ಗ್ರಂಥವೊಂದು ಹೊರಬಂದ ವರ್ಷದೊಳಗೇ ಒಂದು ದೇಶದ ಶಾಸನಕ್ಕೆ ಪ್ರೇರಣೆಗಳಲ್ಲೊಂದಾಗುವುದು ಅಪರೂಪ, ಇದು ಹಾಗಾಯಿತು. ದಕ್ಷಿಣ ಆಸ್ಟ್ರೇಲಿಯ ರಾಜ್ಯದ ಪ್ರೀಮಿಯರ್ ಪೀಟರ್ ಮಾಲಿನೌಸ್ಕಸ್, ತಮ್ಮ ಪತ್ನಿ ಈ ಗ್ರಂಥವನ್ನು ಓದಿ ಏನಾದರೂ ಮಾಡಲೇಬೇಕೆಂದು ತಮ್ಮನ್ನು ಒತ್ತಾಯಿಸಿದರೆಂದು ಬಹಿರಂಗವಾಗಿಯೇ ಹೇಳಿದ್ದಾರೆ. ಮುಂದೆ 2024ರ ನವೆಂಬರಿನ ಕೊನೆಯಲ್ಲಿ ಆಸ್ಟ್ರೇಲಿಯದ ಸಂಸತ್ತು, 16 ವರ್ಷ ತುಂಬದವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆಯುವ ಕಾನೂನನ್ನು ಅಂಗೀಕರಿಸಿತು. 2025ರ ಡಿಸೆಂಬರ್ 10ರಂದು ಅದು ಜಾರಿಗೆ ಬಂದಿತು. ಇಲ್ಲಿಯೂ ಅಂಥದೊಂದು ಕಾನೂನು ಬರಲಿ ಎಂಬ ಮಾತು ನಮ್ಮ ಸಭೆಗಳಲ್ಲಿ ಕೇಳಿಬರುತ್ತಿದೆ. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೂ 2023ರ ಸೆಪ್ಟೆಂಬರಿನಲ್ಲಿ, ಬೇರೊಂದು ಮೊಕದ್ದಮೆಯ ವಿಚಾರಣೆಯ ನಡುವೆ, ಜಾಲತಾಣಗಳ ಬಳಕೆಗೆ ವಯೋಮಿತಿ ಇದ್ದರೆ ಒಳಿತೆಂದು ಮೌಖಿಕವಾಗಿ ನುಡಿದಿತ್ತು. ಈ ಮಾತಿಗೆ ‘ಆಮೆನ್’ ಎನ್ನುವ ಮೊದಲು ಗ್ರಂಥವನ್ನೂ ಕಾನೂನನ್ನೂ ಸತ್ಯವೇದದ ಬೆಳಕಿನಲ್ಲಿ ಪರಿಶೀಲಿಸುವುದು ದೇವತಾಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಯುಕ್ತವಾಗಿದೆ.

ಹೈಟ್ ಅವರ ವಾದವು ಸುಲಭವಾಗಿ ಹೇಳಬಹುದಾದದ್ದು. 2010ರಿಂದ 2015ರ ನಡುವೆ ಬಾಲ್ಯವು ಆಟದ ಅಂಗಳವನ್ನು ಬಿಟ್ಟು ಫೋನಿನೊಳಗೆ ಹೊಕ್ಕಿತು. ಅದೇ ಅವಧಿಯಲ್ಲಿ ಹದಿಹರೆಯದವರಲ್ಲಿ, ವಿಶೇಷವಾಗಿ ಹುಡುಗಿಯರಲ್ಲಿ, ಆತಂಕವೂ ಖಿನ್ನತೆಯೂ ಏರಿದವು. ಮೊದಲನೆಯದೇ ಎರಡನೆಯದಕ್ಕೆ ಮುಖ್ಯ ಕಾರಣ. ಈ ಕಾರ್ಯಕಾರಣ ಸಂಬಂಧವನ್ನು ಕ್ಯಾಂಡಿಸ್ ಆಡ್ಜರ್ಸ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ವಿಮರ್ಶೆಯಲ್ಲಿ ಬಲವಾಗಿ ಪ್ರಶ್ನಿಸಿದ್ದಾರೆ. ಆ ತರ್ಕವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಹೈಟ್ ಅವರ ಅಂಕಿಅಂಶಗಳು ಬಹುಪಾಲು ಶ್ರೀಮಂತ ದೇಶಗಳವು ಎಂಬುದನ್ನು ಮರೆಯಲಾಗದು. ನಮ್ಮ ಹಳ್ಳಿಗಳ ಚಿತ್ರ ಬೇರೆ. ಫೋನು ಮಗುವಿನದಲ್ಲ, ಮನೆಯದು. ಆದರೂ ಅದು ಮಗುವಿನ ಕೈಯಲ್ಲಿದೆ: 2024ರ ‘ಅಸರ್’ ಸಮೀಕ್ಷೆಯಂತೆ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗಾಗಿ ಸ್ಮಾರ್ಟ್‌ಫೋನ್ ಬಳಸಿದವರು ಸುಮಾರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಸುಮಾರು ಶೇ. 76.

ಪಾದ್ರಿಗಳೂ ಪ್ರಸಂಗಿಗಳೂ ಅಕ್ಕರೆಯಿಂದ ಉದ್ಧರಿಸುವುದು ಈ ಗ್ರಂಥದ ಎಂಟನೆಯ ಅಧ್ಯಾಯವನ್ನು. ತಾವು ನಾಸ್ತಿಕರೆಂದು ಒಪ್ಪಿಕೊಂಡೇ ಹೈಟ್ ಅಲ್ಲಿ ಆತ್ಮಿಕ ಉನ್ನತಿ, ಅವನತಿಗಳ ವಿಷಯವನ್ನು ಎತ್ತಿಕೊಳ್ಳುತ್ತಾರೆ. ಒಟ್ಟಾಗಿ ಆಚರಿಸುವ ಪವಿತ್ರ ಕಾಲ, ಮೌನ, ದೇಹದೊಡನೆ ಮಾಡುವ ಆರಾಧನೆ, ಕ್ಷಮೆ, ಸೃಷ್ಟಿಯ ಮುಂದಿನ ಬೆರಗು ಇವೆಲ್ಲ ಫೋನಿನ ಬದುಕಿನಲ್ಲಿ ಕಳೆದುಹೋಗುತ್ತವೆಂದೂ, ಇವನ್ನು ಪ್ರಾಚೀನ ಧರ್ಮಗಳಿಂದ ಮತ್ತೆ ಕಲಿಯಬೇಕೆಂದೂ ಅವರ ಅಭಿಪ್ರಾಯ. ಮನುಷ್ಯನ ಹೃದಯದಲ್ಲಿ ದೇವರಿಗಷ್ಟೇ ತುಂಬಲು ಸಾಧ್ಯವಾದ ಟೊಳ್ಳೊಂದಿದೆ ಎಂಬ, ಪಾಸ್ಕಲನಿಂದ ಬಂದ ವಿಚಾರವನ್ನೂ ಅವರು ಬಳಸಿಕೊಳ್ಳುತ್ತಾರೆ.

ಹೊರಗಿನವರ ಬಾಯಿಂದ ಬಂದ ಹೊಗಳಿಕೆ ಸವಿಯಾಗಿರುತ್ತದೆ. ಆದರೂ ಗ್ರಂಥದಲ್ಲಿ ನಮಗೆ ಅತ್ಯಂತ ದುರ್ಬಲವಾಗಿ ಕಂಡ ಭಾಗ ಇದೇ. ಸಬ್ಬತ್ತನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೈಟ್ ಅವರ ಓದಿನಲ್ಲಿ ಸಬ್ಬತ್ತು ದಣಿದ ಮನಸ್ಸಿಗೆ ಒದಗುವ ವಿರಾಮ, ಸಮುದಾಯವು ಒಟ್ಟಿಗೆ ಅನುಭವಿಸುವ ಒಂದು ಹಿತ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಅದರ ಸ್ವರೂಪವೇ ಬೇರೆ. ಅಲ್ಲಿ ಆಜ್ಞೆಯು ಮನೆಯ ಯಜಮಾನನಿಗೆ ಕೊಡಲ್ಪಟ್ಟಿದೆ: ನೀನು ವಿಶ್ರಮಿಸುವಂತೆಯೇ ನಿನ್ನ ಆಳೂ ದಾಸಿಯೂ ಎತ್ತೂ ಕತ್ತೆಯೂ ವಿಶ್ರಮಿಸಬೇಕು, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ. ಇತರರ ದುಡಿಮೆಯಿಂದ ಲಾಭ ಪಡೆಯುವವನ ಕೈಯನ್ನು ಹಿಡಿದು ನಿಲ್ಲಿಸುವ ಆಜ್ಞೆ ಅದು. ಇಂದು ಮಕ್ಕಳ ಗಮನವೇ ದುಡಿಮೆಯಾಗಿದೆ. ಅವರು ನೋಡಿದ ಪ್ರತಿ ಕ್ಷಣವೂ ಜಾಹೀರಾತುದಾರರಿಗೆ ಮಾರಾಟವಾಗುತ್ತದೆ. ಹೀಗಿರುವಾಗ ಸಬ್ಬತ್ತನ್ನು ಮಗುವಿನ ಶಿಸ್ತಿನ ಪಾಠವಾಗಿ ಮಾತ್ರ ಬೋಧಿಸಿದರೆ ಆಜ್ಞೆಯ ವಿಳಾಸವನ್ನೇ ತಿದ್ದಿದಂತಾಗುತ್ತದೆ. ಹೈಟ್ ಕಂಪನಿಗಳನ್ನು ಟೀಕಿಸದೆ ಬಿಟ್ಟಿಲ್ಲ. 13 ಎಂಬ ಈಗಿನ ವಯಸ್ಸು ಹೇಗೆ ಬಂತೆಂಬುದನ್ನು ಅವರು ಚೆನ್ನಾಗಿಯೇ ವಿವರಿಸಿದ್ದಾರೆ. 1998ರಲ್ಲಿ ಅಮೆರಿಕದ ಶಾಸಕ ಎಡ್ ಮಾರ್ಕಿ ಸೂಚಿಸಿದ್ದು 16. ವ್ಯಾಪಾರಿ ಹಿತಾಸಕ್ತಿಗಳ ಒತ್ತಡವೂ ಸೇರಿ ಅದು 13ಕ್ಕೆ ಇಳಿಯಿತು. ಮಗುವಿನ ಬೆಳವಣಿಗೆಯನ್ನು ಅಳೆದು ಗೊತ್ತುಮಾಡಿದ ವಯಸ್ಸಲ್ಲ ಅದು. ಆದರೆ ಆತ್ಮಿಕ ಅಧ್ಯಾಯಕ್ಕೆ ಬಂದಾಗ ಈ ಆರ್ಥಿಕ ವಿಚಾರವೆಲ್ಲ ಮರೆಯಾಗಿ, ಧರ್ಮವು ಮನಶ್ಶಾಂತಿಯ ಅಭ್ಯಾಸಗಳ ಪಟ್ಟಿಯಾಗಿ ಉಳಿಯುತ್ತದೆ.

ಇಲ್ಲಿ ಅಗಸ್ಟೀನನ ‘ಅರಿಕೆಗಳು’ ಗ್ರಂಥದ ಆರನೆಯ ಪುಸ್ತಕದ ಅಲಿಪಿಯನ ಪ್ರಸಂಗವು ನೆನಪಿಗೆ ಬರುತ್ತದೆ. ಕಾನೂನು ಕಲಿಯಲು ರೋಮಿಗೆ ಹೋಗಿದ್ದ ಆ ತರುಣನನ್ನು ಗೆಳೆಯರು ಬಲವಂತದಿಂದ ಖಡ್ಗಮಲ್ಲರ ಕಾಳಗಕ್ಕೆ ಎಳೆದೊಯ್ದರು. ದೇಹವನ್ನು ಕೂರಿಸಬಹುದು, ಕಣ್ಣನ್ನು ತೆರೆಸಲಾಗದು ಎಂಬ ಧೈರ್ಯದಿಂದ ಅವನು ಕಣ್ಣು ಮುಚ್ಚಿ ಕುಳಿತ. ಜನಸ್ತೋಮದ ಒಂದು ಆರ್ಭಟ ಕಿವಿಗೆ ಬಿತ್ತು, ಕಣ್ಣು ತೆರೆದ, ಆಮೇಲೆ ಅವನು ಬಂದಾಗಿನ ಅಲಿಪಿಯನಾಗಿರಲಿಲ್ಲ. ಮುಂದೆ ತಾನೇ ಇತರರನ್ನು ಕರೆದುಕೊಂಡು ಹೋಗುವವನಾದ. ಅಗಸ್ಟೀನನು ದೂರುವುದು ಅಲಿಪಿಯನ ಆತ್ಮವಿಶ್ವಾಸವನ್ನು. ದೇವರನ್ನು ಬಿಟ್ಟು ತನ್ನನ್ನೇ ನೆಚ್ಚಿಕೊಂಡನೆಂದು. ಅದು ಸರಿಯೇ. ಆದರೆ ವಯೋಮಿತಿಯ ಚರ್ಚೆಗೆ ಪ್ರಸ್ತುತವಾದ ಇನ್ನೊಂದು ಸಂಗತಿಯೂ ಕಥೆಯಲ್ಲಿದೆ. ಅಲಿಪಿಯನು ಬಾಲಕನಲ್ಲ, ದುರ್ನಡತೆಯವನೂ ಅಲ್ಲ. ನೋಡುವವರನ್ನು ಸೆರೆಹಿಡಿಯಲೆಂದೇ ಕಟ್ಟಿದ ಅಖಾಡದ ಮುಂದೆ ಅವನ ಪ್ರೌಢತೆ ಕೆಲಸಕ್ಕೆ ಬರಲಿಲ್ಲ. 16ರ ಹುಟ್ಟುಹಬ್ಬದಂದು ಹುಡುಗನೊಬ್ಬನಿಗೆ ಆ ಬಲ ಬಂದುಬಿಡುತ್ತದೆಂದು ನಂಬಲು ನಮಗೆ ಕಾರಣ ಕಾಣುವುದಿಲ್ಲ. ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡಿ ಮರುದಿನ ಪ್ರಸಂಗ ಮಾಡುವ ಸಭಾಪಾಲಕರೂ ಈ ಮಾತನ್ನು ಅಲ್ಲಗಳೆಯಲಾರರು.

ಹಾಗಾದರೆ ವಯೋಮಿತಿ ವ್ಯರ್ಥವೇ? ನಾವು ಹಾಗೆ ಹೇಳುವುದಿಲ್ಲ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ತನು ಒಂದು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿ ಆಡಿದ ಮಾತುಗಳ ದಿಕ್ಕನ್ನು ಗಮನಿಸಬೇಕು. ಬೀಸುವ ಕಲ್ಲಿನ ಭಯಂಕರ ಎಚ್ಚರಿಕೆಯು ಎಡವಿದ ಚಿಕ್ಕವನಿಗಲ್ಲ, ಎಡವುಗಲ್ಲನ್ನು ಇಟ್ಟವನಿಗೆ. ಇನ್ನೊಂದು ಸೂಕ್ಷ್ಮವೂ ಇದೆ: ಮೊದಲ ವಚನಗಳಲ್ಲಿ ‘ಪೈದಿಯೊನ್’, ಅಂದರೆ ಮಗು, ಎಂದಿರುವುದು ಆರನೆಯ ವಚನದಲ್ಲಿ ‘ಮಿಕ್ರೊಯ್’, ಅಂದರೆ ಚಿಕ್ಕವರು, ಎಂದಾಗುತ್ತದೆ. ಈ ಚಿಕ್ಕವರಲ್ಲಿ ಬಲವಿಲ್ಲದ ವಿಶ್ವಾಸಿಗಳೆಲ್ಲರೂ ಸೇರುತ್ತಾರೆಂಬುದು ಬಹುಮಂದಿ ವ್ಯಾಖ್ಯಾನಕಾರರ ಅಭಿಪ್ರಾಯ. ಜನ್ಮದಿನಾಂಕದ ಗೆರೆಯು ಅವರನ್ನು ಪೂರ್ತಿಯಾಗಿ ಒಳಗೊಳ್ಳದು. ಧರ್ಮೋಪದೇಶಕಾಂಡ 22:8 ಇನ್ನೂ ಸ್ಪಷ್ಟ. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಿಸಬೇಕು. ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯ ಮೇಲೆ. ಬಿದ್ದವನ ವಯಸ್ಸನ್ನು ಶಾಸ್ತ್ರವು ಕೇಳುವುದಿಲ್ಲ.

ಈ ಅಳತೆಯಿಂದ ನೋಡಿದರೆ ಆಸ್ಟ್ರೇಲಿಯದ ಕಾನೂನು ಅರ್ಧ ದಾರಿ ಬಂದಿದೆ. ಮೆಚ್ಚಬೇಕಾದದ್ದು ಇದು: ಖಾತೆ ತೆರೆದ ಮಗುವಿಗಾಗಲಿ ಹೆತ್ತವರಿಗಾಗಲಿ ದಂಡವಿಲ್ಲ, ತಡೆಯಲು ಯುಕ್ತ ಕ್ರಮ ಕೈಗೊಳ್ಳದ ಕಂಪನಿಗೆ 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರುಗಳವರೆಗೆ ದಂಡ. ಭಾರವು ಸರಿಯಾದ ಹೆಗಲ ಮೇಲಿದೆ. ಆದರೆ ಮಾಳಿಗೆಗೆ ಮಾತ್ರ ಇನ್ನೂ ತಡೆಗೋಡೆಯಿಲ್ಲ. ಚಿಕ್ಕವರು ಮೆಟ್ಟಿಲು ಹತ್ತಬಾರದೆಂದಷ್ಟೇ ಈ ಕಾನೂನು ಹೇಳುತ್ತದೆ. ಜಾಲತಾಣಗಳ ವಿನ್ಯಾಸದ ಹೊಣೆಯನ್ನೇ ಕಂಪನಿಗಳ ಮೇಲೆ ಹೊರಿಸುವ ಬೇರೊಂದು ಕಾನೂನನ್ನು ತರುವುದಾಗಿ ಆ ಸರಕಾರವು 2024ರ ನವೆಂಬರಿನಲ್ಲೇ ಘೋಷಿಸಿತ್ತು. ವಯೋಮಿತಿ ಅದಕ್ಕಿಂತ ಮೊದಲು ಬಂತು. ಮತದಾರರಿಗೆ ವಿವರಿಸಲು ಅದು ಸುಲಭ.

ನಮ್ಮ ದೇಶದ ಕಾನೂನಿನ ದಾರಿ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಒಂಬತ್ತನೆಯ ಕಲಮು, 18 ವರ್ಷದೊಳಗಿನವರ ದತ್ತಾಂಶವನ್ನು ಬಳಸಲು ಹೆತ್ತವರ ಪರಿಶೀಲಿತ ಸಮ್ಮತಿ ಬೇಕೆನ್ನುತ್ತದೆ. ಕೇಳಲು ಹಿತವಾದ ಮಾತು. ಕುಟುಂಬದ ಗೌರವವನ್ನು ಎತ್ತಿಹಿಡಿದಂತೆಯೂ ತೋರುತ್ತದೆ. ಆದರೆ ಬ್ಯಾಂಕಿನ ಸಂದೇಶವನ್ನೂ ಪಡಿತರದ ಒಟಿಪಿಯನ್ನೂ ಮಗಳಿಂದಲೇ ಓದಿಸಿಕೊಳ್ಳುವ ತಾಯಿಯನ್ನು ಕಲ್ಪಿಸಿಕೊಳ್ಳಿರಿ. ಆಕೆಯ ಸಮ್ಮತಿಯ ಗುಂಡಿಯನ್ನು ಒತ್ತುವ ಬೆರಳು ಯಾರದು? ಮುಂದೆ ಕೇಡಾದರೆ, ತಾಯಿ ಒಪ್ಪಿದ್ದಳಲ್ಲ ಎಂಬ ಉತ್ತರ ಕಂಪನಿಯ ಬಳಿ ಸಿದ್ಧವಾಗಿರುತ್ತದೆ. ಎಡವುಗಲ್ಲು ಇಟ್ಟವನ ಹೊಣೆಯು ಹೀಗೆ ಸದ್ದಿಲ್ಲದೆ ಮನೆಯೊಳಗೆ ಜಾರುತ್ತದೆ.

ಅದೇ ಕಲಮಿನಲ್ಲಿ, ಸಮ್ಮತಿಯ ಗದ್ದಲದಲ್ಲಿ ಯಾರೂ ಹೆಚ್ಚಾಗಿ ಗಮನಿಸದ, ಇನ್ನೊಂದು ಮಾತಿದೆ. ಮಕ್ಕಳ ಜಾಡನ್ನು ಹಿಂಬಾಲಿಸುವುದು, ಅವರ ವರ್ತನೆಯನ್ನು ಕಣ್ಗಾವಲಿಡುವುದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದು ಇವನ್ನು ಅದು ನಿಷೇಧಿಸುತ್ತದೆ. ಇದು ನಿಜವಾದ ತಡೆಗೋಡೆ; ತಾಯಿಯ ಸಹಿಯನ್ನು ಕಾಯದೆ ಕಟ್ಟುವವನನ್ನೇ ಕಟ್ಟಿಹಾಕುತ್ತದೆ. ಆದರೆ ಕೇಂದ್ರ ಸರಕಾರವು ಇದರಿಂದ ವಿನಾಯಿತಿ ನೀಡಲು ಅವಕಾಶವನ್ನೂ ಕಾಯಿದೆಯೇ ಇಟ್ಟಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಈ ಹೊಣೆಗಳ ಪಾಲನೆಗೆ 18 ತಿಂಗಳ ಕಾಲ ಕೊಟ್ಟಿವೆ, ಅಂದರೆ 2027ರ ಮೇ ತಿಂಗಳವರೆಗೆ. ಸಭೆಗಳು ಸರಕಾರಕ್ಕೆ ಮನವಿ ಬರೆಯುವುದಾದರೆ, 16 ಬೇಕೋ 18 ಬೇಕೋ ಎಂಬುದಕ್ಕಿಂತ ಈ ವಿನಾಯಿತಿಗಳ ವಿಷಯದಲ್ಲಿ ಬರೆಯುವುದು ಹೆಚ್ಚು ಸಾರ್ಥಕವೆಂದು ನಮ್ಮ ಅನಿಸಿಕೆ.

ಮನವಿಗೆ ಸಹಿ ಹಾಕುವ ಕೈಗಳ ಬಗ್ಗೆಯೂ ಒಂದು ಮಾತು ಉಳಿದಿದೆ. ಭಾನುವಾರ ಶಾಲೆಯ ಮಕ್ಕಳ ಅಭಿನಯಗೀತೆ, ಕ್ರಿಸ್ಮಸ್ ರೂಪಕ, ದೃಢೀಕರಣದ ದಿನ ಮೊಣಕಾಲೂರಿದ ಹುಡುಗಹುಡುಗಿಯರ ಮುಖ ಇವೆಲ್ಲವೂ ಅಂದೇ ಸಂಜೆ ಸಭೆಯ ಫೇಸ್‌ಬುಕ್ ಪುಟದಲ್ಲಿಯೂ ಯೂಟ್ಯೂಬ್ ವಾಹಿನಿಯಲ್ಲಿಯೂ ಇರುತ್ತವೆ. ವೀಕ್ಷಕರ ಸಂಖ್ಯೆಯನ್ನು ಸಭಾ ಸಮಿತಿಯ ವರದಿಯಲ್ಲಿ ಓದಲಾಗುತ್ತದೆ. ಚಿತ್ರ ಹಾಕಬಹುದೇ ಎಂದು ಆ ಮಕ್ಕಳನ್ನು ಕೇಳುವ ಸಭೆಗಳು ವಿರಳ, ಹೆತ್ತವರನ್ನು ಕೇಳುವವೂ ಹೆಚ್ಚಿಲ್ಲ. ಹದಿನೈದರ ಹುಡುಗಿಯೊಬ್ಬಳು ತನ್ನ ಚಿತ್ರವನ್ನು ತೆಗೆದುಹಾಕಿರೆಂದು ಬೇಡಿಕೊಂಡರೆ ಯಾರು, ಎಷ್ಟು ದಿನದೊಳಗೆ ತೆಗೆಯಬೇಕೆಂಬ ನಿಯಮವನ್ನು ಬರೆದಿಟ್ಟುಕೊಳ್ಳಲು ಯಾವ ಸಂಸತ್ತಿನ ಅಪ್ಪಣೆಯೂ ಬೇಕಾಗಿಲ್ಲ. ಮುಂದಿನ ಸಭಾ ಸಮಿತಿಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸಾಕು.